ಬೀಡು

'ಬಿಡು' ಧಾತುವಿನ ಮೊದಲ ಸ್ವರ ದೀರ್ಘವಾದರೆ ಬೀಡು. ಕೆಡು ಕೇಡಾದ ಹಾಗೆ, ಪಡು ಪಾಡಾದ ಹಾಗೆ. ಆದರೆ ಬಿಡುವ ಕ್ರಿಯೆ ವಾಸದ ಜಾಗವಾದದ್ದು ಹೇಗೆ? ನಡೆದು ದಣಿದ ದಂಡು ಹೊರೆ ಇಳಿಸಿ, ಎತ್ತು ಕುದುರೆಗಳ ಹಗ್ಗ ಬಿಚ್ಚಿ ತಂಗಿದ ಬಯಲನ್ನು ನೆನೆದರೆ ಅರ್ಥವಾಗುತ್ತದೆ. ಇಂದಿಗೂ 'ಬೀಡುಬಿಟ್ಟರು' ಎನ್ನುತ್ತೇವೆ. ಒಂದೇ ಧಾತು, ಎರಡು ಸಲ.

ತಂಗಿದವರು ಏಳದೆ ಉಳಿದರೆ ಅದು ನೆಲೆವೀಡು. ಚಾಲುಕ್ಯ, ಹೊಯ್ಸಳ ಶಾಸನಗಳಲ್ಲಿ ಅರಸರು ರಾಜ್ಯವಾಳುವುದು ಅಂಥ ನೆಲೆವೀಡುಗಳಿಂದ. ತುಳುನಾಡಿನಲ್ಲಿ ಜೈನ ಮನೆತನಗಳ ಹಿರಿಮನೆ ಬೀಡು. ತಮಿಳರ 'ವೀಡು' ಎಲ್ಲರ ಮನೆ. ಮೋಕ್ಷ ಎಂಬ ಅರ್ಥವೂ ಅದಕ್ಕಿದೆ. ಬಿಟ್ಟುಹೋಗುವುದನ್ನೂ ನೆಲೆನಿಲ್ಲುವುದನ್ನೂ ಒಂದೇ ಬೇರಿನಲ್ಲಿ ಹಿಡಿದ ಈ ಪದ ನನಗೆ ತುಂಬ ಪ್ರಿಯ.

ಟಿಬೆಟಿನ ಕಲಾವಿದ ತೆನ್‌ಜಿಂಗ್ ರಿಗ್ದೋಲ್ ಅವರ ಕೃತಿಯೊಂದನ್ನು ನೆನೆದಾಗಲೆಲ್ಲ ಇದು ಮನಸ್ಸಿಗೆ ಬರುತ್ತದೆ. ಅವರು ಹುಟ್ಟಿದ್ದು ಕಾಠ್ಮಂಡುವಿನಲ್ಲಿ, ನಿರಾಶ್ರಿತರ ಮಗನಾಗಿ. ಊರಿಗೆ ಮರಳುವ ಆಸೆ ಈಡೇರದೆಯೇ ತಂದೆ ತೀರಿಕೊಂಡರು. ಮಗ 2011ರಲ್ಲಿ ಟಿಬೆಟಿನ ಶಿಗಾತ್ಸೆಯ ಸುಮಾರು 20,000 ಕಿಲೋ ಮಣ್ಣನ್ನು ಗುಟ್ಟಾಗಿ ಗಡಿ ದಾಟಿಸಿ, ನೇಪಾಳದ ಮೂಲಕ ಹಿಮಾಚಲದ ಧರ್ಮಶಾಲಾ ಪಟ್ಟಣಕ್ಕೆ ತಂದು, ವೇದಿಕೆಯ ಮೇಲೆ ಹರಡಿದರು. ಬಣ್ಣವಿಲ್ಲ, ಚೌಕಟ್ಟಿಲ್ಲ, ಬರಿ ನೆಲ. ಟಿಬೆಟನ್ನು ಬಿಟ್ಟು ಬಂದ ಮುದುಕರು, ಅದನ್ನು ಕಂಡೇ ಇರದ ಮಕ್ಕಳು ಅದರ ಮೇಲೆ ನಡೆದರು. ಕೊನೆಗೆ ಜನ ಆ ಮಣ್ಣನ್ನು ಹಿಡಿಹಿಡಿಯಾಗಿ ಮನೆಗೆ ಒಯ್ದರು. ನೋಡಲು ಬಂದವರ ಕೈಯಲ್ಲೇ ಕೃತಿ ಕರಗಿಹೋಯಿತು. ಬೆಟ್ಟದ ಚಿತ್ರ ಬರೆದಿದ್ದರೆ ಅವರ ಕಾಲಿಗೆ ಆ ನೆಲ ಸಿಗುತ್ತಿರಲಿಲ್ಲ.

ಈ ಕಥೆಯ ಒಂದು ತುದಿ ನಮ್ಮಲ್ಲೂ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಬಂದ ಟಿಬೆಟಿಯನ್ನರು, ಮೈಸೂರು ರಾಜ್ಯ ಕೊಟ್ಟ ಕಾಡುನೆಲವನ್ನು ಹಸನು ಮಾಡಿ ಮುಸುಕಿನ ಜೋಳ ಬೆಳೆದರು. ದೇಗುಲಗಳ ಗೋಡೆಗಳ ಮೇಲೆ ತಮ್ಮ ಚಿತ್ರಪರಂಪರೆಯನ್ನು ಉಳಿಸಿಕೊಂಡರು. ಆರು ದಶಕ ಕಳೆದರೂ ಅವರ ಊರುಗಳು ನಮ್ಮ ಬಾಯಲ್ಲಿ ಇನ್ನೂ 'ಕ್ಯಾಂಪ್'. ಇಂದೋ ನಾಳೆಯೋ ಕಿತ್ತು ಹೊರಡುವ ಗುಡಾರದ ಹೆಸರು ಅದು. ಅಲ್ಲೇ ಹುಟ್ಟಿ, ಅಲ್ಲೇ ಉತ್ತು, ಅಲ್ಲೇ ತೀರಿಕೊಂಡವರ ಊರಿಗೆ ಅದು ಸಲ್ಲದು. ಬಿಟ್ಟು ಬಂದ ನೆಲವನ್ನೂ ನಿಂತ ನೆಲವನ್ನೂ ಮರೆಯದ ಪದ ನಮ್ಮಲ್ಲಿದೆ. ಆ ಊರುಗಳನ್ನು ಬೀಡು ಎಂದು ಕರೆಯೋಣ.