ಚಿಕ್ಕ ಗಡಿಯಾರವೂ ಒಂದು ಗಳಿಗೆಯ ಅಂತರವೂ

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ, ದೇವರಾಜ ಮಾರುಕಟ್ಟೆಯ ಮುಂದೆ ನಿಂತಿರುವ ಗಡಿಯಾರ ಗೋಪುರವನ್ನು ಅರಿಯದ ಮೈಸೂರಿಗರಿಲ್ಲ. ವೈಸರಾಯ್ ಲಾರ್ಡ್ ಡಫರಿನ್ನರು ಈ ನಗರಕ್ಕೆ ಬಂದುದರ ನೆನಪಿಗಾಗಿ ಇದನ್ನು 1886ರಲ್ಲಿ ಕಟ್ಟಲಾಯಿತು. ಡಫರಿನ್ನರ ಹೆಸರು ದಾಖಲೆಗಳಲ್ಲಿ ಉಳಿಯಿತು. ಹೂವು, ವೀಳ್ಯದೆಲೆ ಕೊಳ್ಳಲು ಬರುವವರ ಬಾಯಲ್ಲಿ ಉಳಿದುದು ‘ಚಿಕ್ಕ ಗಡಿಯಾರ’ವೆಂಬ ಹೆಸರೇ. ಅರಮನೆಯ ಬಳಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸ್ಮಾರಕವಾಗಿ 1927ರಲ್ಲಿ ಎದ್ದುದು ದೊಡ್ಡ ಗಡಿಯಾರ.

ಭ್ರಮಣವೆಂದರೇನೆಂದು ತಿಳಿಯಲು ಗಡಿಯಾರದ ಮುಳ್ಳಿಗಿಂತ ಸುಲಭವಾದ ನಿದರ್ಶನ ಬೇಕಿಲ್ಲ. ಕದಲದ ಒಂದು ಅಕ್ಷವನ್ನು ಹಿಡಿದು ವಸ್ತುವು ತನ್ನಲ್ಲಿಯೇ ತಿರುಗುವುದು ಭ್ರಮಣ. ಬೇರೊಂದನ್ನು ನಡುವೆ ಇರಿಸಿಕೊಂಡು ಅದರ ಸುತ್ತ ಬರುವುದು ಪರಿಭ್ರಮಣ. ಆಡುಮಾತಿನಲ್ಲಿ ಎರಡನ್ನೂ ‘ತಿರುಗುವುದು’ ಎಂದುಬಿಡುವುದರಿಂದ ಮಕ್ಕಳು ಶಾಲೆಯಲ್ಲಿ ತೊಡಕಿಗೆ ಬೀಳುತ್ತಾರೆ. ಶರಣರ ಕಾಯಕಗಳನ್ನು ನೆನೆದರೆ ಈ ಭೇದವು ತಾನಾಗಿಯೇ ತಿಳಿಯಾಗುತ್ತದೆ. ಕುಂಬಾರ ಗುಂಡಯ್ಯನವರ ತಿಗರಿಯದು ಭ್ರಮಣ. ಗಾಣದ ಕಣ್ಣಪ್ಪನವರ ಎತ್ತಿನದು ಪರಿಭ್ರಮಣ. ಬೀಸುಕಲ್ಲು, ರಾಟೆ, ಸಾಣೆಕಲ್ಲುಗಳೆಲ್ಲ ತಿಗರಿಯ ಬಳಗಕ್ಕೆ ಸೇರಿದವು.

ಈ ಬಳಗದಲ್ಲಿ ನಮ್ಮ ನಾಡಿನ ಬದುಕನ್ನೇ ಬದಲಿಸಿದ ಚಕ್ರವೊಂದಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯ ನೀರು ಚಕ್ರಗಳನ್ನು ತಿರುಗಿಸಿತು. ಆ ತಿರುಗಾಟವೇ ವಿದ್ಯುತ್ತಾಗಿ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರು ಬೆಳಗಿತು.

ಆದರೆ ಎಲ್ಲಕ್ಕಿಂತ ಹಿರಿದಾದ ತಿಗರಿ ನಾವು ನಿಂತಿರುವ ಭೂಮಿಯೇ. ಕ್ರಿ.ಶ. 499ರ ಸುಮಾರಿನಲ್ಲಿ ಆರ್ಯಭಟನು ಭೂಮಿಯೇ ತಿರುಗುತ್ತದೆಂದು ಹೇಳಿದನು. ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ತೋರುತ್ತವೆ. ನಕ್ಷತ್ರಗಳ ಚಲನೆಯೂ ಅಂಥದೇ ಎಂಬುದು ಅವನ ವಿವರಣೆ. ಅವನ ಬಳಿಕ ಬಂದ ಹಲವು ಪಂಡಿತರು ಇದನ್ನು ಒಪ್ಪಲಿಲ್ಲವೆಂಬುದು ವಿಷಾದದ ಸಂಗತಿ. ಈ ಭ್ರಮಣದ ಕಾರಣ ದೇವರಾಜ ಮಾರುಕಟ್ಟೆಯು ತನ್ನ ತಕ್ಕಡಿ, ತರಕಾರಿಗಳ ಸಮೇತ ಗಂಟೆಗೆ ಸುಮಾರು 1,630 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಧಾವಿಸುತ್ತಿದೆ.

ಇನ್ನು ಗೋಪುರದ ಗಡಿಯಾರಕ್ಕೂ ಭೂಮಿಗೂ ಇರುವ ನಂಟನ್ನು ನೋಡೋಣ. ತಳದಲ್ಲಿ ಸಣ್ಣ ರಂಧ್ರವುಳ್ಳ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ಮುಳುಗುವ ಹೊತ್ತನ್ನು ಒಂದು ಗಳಿಗೆಯೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ದಿನಕ್ಕೆ ಅರುವತ್ತು ಗಳಿಗೆ. ಅಂದರೆ ಗಳಿಗೆಯೊಂದಕ್ಕೆ 24 ನಿಮಿಷ. ಅಷ್ಟು ಹೊತ್ತಿನಲ್ಲಿ ಭೂಮಿಯು 6 ಡಿಗ್ರಿಯಷ್ಟು ತಿರುಗಿರುತ್ತದೆ. 1886ರಲ್ಲಿ ಇಡೀ ದೇಶಕ್ಕೆ ಒಂದೇ ಕಾಲಮಾನವೆಂಬುದು ಇರಲಿಲ್ಲ. ಸೂರ್ಯನು ನೆತ್ತಿಯ ರೇಖೆಯನ್ನು ದಾಟುವುದೇ ಆಯಾ ಊರಿನ ನಡುಹಗಲು. ರೈಲುಗಳು ಮಾತ್ರ ಮದರಾಸಿನ ಕಾಲವನ್ನು ಅನುಸರಿಸುತ್ತಿದ್ದವು. 1906ರ ಜನವರಿ 1ರಿಂದ 82½ ಡಿಗ್ರಿ ಪೂರ್ವ ರೇಖಾಂಶದ ಕಾಲವು ಭಾರತದ ಕಾಲಮಾನವಾಯಿತು. ಕಲ್ಕತ್ತೆಯು 1948ರವರೆಗೆ, ಮುಂಬಯಿಯು 1955ರವರೆಗೆ ತಮ್ಮ ತಮ್ಮ ಕಾಲವನ್ನೇ ಹಿಡಿದಿದ್ದವೆಂದರೆ ಈ ಬದಲಾವಣೆ ಎಷ್ಟು ಒಗ್ಗದ ಮಾತಾಗಿತ್ತೆಂಬುದನ್ನು ಊಹಿಸಬಹುದು.

ಮೈಸೂರಿನ ರೇಖಾಂಶ 76 ಡಿಗ್ರಿ 39 ನಿಮಿಷ. ಅಂತರ ಸುಮಾರು 5.85 ಡಿಗ್ರಿ, ಕಾಲದಲ್ಲಿ ಹೇಳುವುದಾದರೆ 23 ನಿಮಿಷಕ್ಕೆ ತುಸು ಹೆಚ್ಚು, ಹೆಚ್ಚುಕಡಿಮೆ ಒಂದು ಗಳಿಗೆ! ಗಡಿಯಾರವು ಹನ್ನೆರಡು ಹೊಡೆದಾಗ ಮೈಸೂರಿನ ಸೂರ್ಯನಿಗೆ ಇನ್ನೂ ಒಂದು ಗಳಿಗೆಯ ದಾರಿ ಉಳಿದಿರುತ್ತದೆ. ಭೂಮಿಯ ಪರಿಭ್ರಮಣ ಪಥ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ಓರೆ. ಆದುದರಿಂದ ಈ ಅಂತರ ವರ್ಷವಿಡೀ ಒಂದೇ ಸಮನಾಗಿರದು. ನವೆಂಬರ್ ಮೊದಲಲ್ಲಿ ನಡುಹಗಲು 12 ಗಂಟೆ 7 ನಿಮಿಷಕ್ಕೆ, ಫೆಬ್ರವರಿ ನಡುವಿನಲ್ಲಿ 12 ಗಂಟೆ 37 ನಿಮಿಷದ ಸುಮಾರಿಗೆ ಬರುತ್ತದೆ. ಹನ್ನೆರಡನ್ನೇ ನಡುಹಗಲೆಂದು ನಂಬಿ ಹೊತ್ತು ಗೊತ್ತುಮಾಡುವ ವಿದ್ಯಾವಂತರಿಗಿಂತ ನೆರಳು ನೋಡಿ ಹೊತ್ತು ಹೇಳುತ್ತಿದ್ದ ನಮ್ಮ ಅಜ್ಜಂದಿರು ಈ ವಿಷಯದಲ್ಲಿ ಸರಿಯಾಗಿದ್ದರು.

ಮುಳ್ಳುಗಳು ಬಲಕ್ಕೇ ತಿರುಗುವುದೇಕೆ ಎಂದು ಕೇಳುವವರುಂಟು. ಗಡಿಯಾರ ಹುಟ್ಟಿದ ಉತ್ತರದ ನಾಡುಗಳಲ್ಲಿ ಕಂಬದ ನೆರಳು ಪಶ್ಚಿಮದಿಂದ ಉತ್ತರದ ಮೂಲಕ ಪೂರ್ವಕ್ಕೆ ಸರಿಯುತ್ತದೆ. ಮುಳ್ಳುಗಳು ಆ ನೆರಳಿನ ಜಾಡನ್ನೇ ಹಿಡಿದವೆಂದು ಹೇಳುತ್ತಾರೆ. ಮೈಸೂರಿನಲ್ಲಾದರೋ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಸೂರ್ಯನು ನಡುಹಗಲಲ್ಲಿ ನೆತ್ತಿಗಿಂತ ಉತ್ತರಕ್ಕೆ ಇರುವುದರಿಂದ, ಆ ವೇಳೆಯ ನೆರಳು ದಕ್ಷಿಣಕ್ಕೆ ಬಿದ್ದು ಮುಳ್ಳುಗಳಿಗೆ ಎದುರಾಗಿ ತಿರುಗುತ್ತದೆ. ಏಪ್ರಿಲ್ 22-23ರ ಸುಮಾರಿಗೆ ಬಿಸಿಲಿರುವ ದಿನ ಮಾರುಕಟ್ಟೆಗೆ ಹೋದವರು 12 ಗಂಟೆ 22 ನಿಮಿಷದ ಹೊತ್ತಿಗೆ ಅಲ್ಲಿಯ ಯಾವುದಾದರೂ ನೆಟ್ಟಗಿನ ಕಂಬದ ಬುಡವನ್ನು ನೋಡಬಹುದು. ಆಗ ಅದಕ್ಕೆ ನೆರಳೇ ಇರುವುದಿಲ್ಲ.