ಊರು ಬಿಟ್ಟ ಆಟಗಾರರು, ಎರಡಾದ ಅಭಿಮಾನ

ಕೊಯಮತ್ತೂರಿನ ಪೂರ್ವಕ್ಕೆ, ನೊಯ್ಯಲ್ ನದಿಯ ನೀರಿನಿಂದ ತುಂಬುವ ಹಿರಿಯ ಕೆರೆಯೊಂದರ ನೆರೆಯಲ್ಲಿರುವ ಸಿಂಗಾನಲ್ಲೂರು ಗಿರಣಿಗಳ ನೆರಳಿನಲ್ಲಿ ಬೆಳೆದ ಊರು. 1888ರಲ್ಲಿ ಕೊಯಮತ್ತೂರಿನಲ್ಲಿ ಮೊದಲ ನೂಲಿನ ಗಿರಣಿ ತಲೆಯೆತ್ತಿದ ಮೇಲೆ, ವಿಶೇಷವಾಗಿ 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಬಯಲಿಗೆ ಇಳಿದುಬಂದ ಮೇಲೆ, ಈ ಸೀಮೆಯ ಹತ್ತಿಯ ಹೊಲಗಳ ನಡುವೆ ಒಂದರ ಹಿಂದೊಂದು ಗಿರಣಿಗಳು ಎದ್ದು, ಸುತ್ತಣ ಹಳ್ಳಿಗಳ ಜನರನ್ನೆಲ್ಲ ತಮ್ಮತ್ತ ಸೆಳೆದುಕೊಂಡವು. ಅದಕ್ಕೂ ಬಹು ಪೂರ್ವದಲ್ಲಿಯೇ ಕನ್ನಡ ನುಡಿಯುವ ದೇವಾಂಗ ನೇಕಾರರು ಮಗ್ಗವನ್ನು ನಂಬಿ ಕೊಂಗುನಾಡಿನಲ್ಲಿ ನೆಲಸಿದ್ದರು. ಹೊಟ್ಟೆಯ ಪಾಡಿಗಾಗಿ ನೆಲವನ್ನು ಬದಲಿಸುವುದು ಈ ಸೀಮೆಗೆ ಹೊಸತಲ್ಲ. ಒಂದು ಗಿರಣಿಯನ್ನು ತೊರೆದು ನಾಲ್ಕು ಕಾಸು ಹೆಚ್ಚು ಕೊಡುವ ಇನ್ನೊಂದರ ಬಾಗಿಲಿಗೆ ಹೋದವನನ್ನು ಇಲ್ಲಿ ಯಾರೂ ದ್ರೋಹಿಯೆಂದು ಕರೆಯರು. ಆದರೆ ಅದನ್ನೇ ಕಾಲ್ಚೆಂಡಿನ ಆಟಗಾರನು ಮಾಡಿದನೆಂದರೆ, ನಿನ್ನೆಯವರೆಗೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವರೇ ಎರಡು ಪಕ್ಷಗಳಾಗಿ ಒಡೆಯುತ್ತಾರೆ. ಈ ಒಡಕಿನ ಚರಿತ್ರೆಯನ್ನು ಅರಿಯಬೇಕಾದರೆ ಬೆಂಗಳೂರಿಗೂ, ಅಲ್ಲಿಂದ ಕಲಕತ್ತೆಗೂ ಹೋಗಬೇಕು.

ಬೆಂಗಳೂರಿನ ದಂಡುಪ್ರದೇಶಕ್ಕೆ ಈ ಆಟವನ್ನು ತಂದವರು ಬ್ರಿಟಿಷ್ ಸೈನಿಕರು. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಗೌತಮಪುರ ಮೊದಲಾದ ಬಡಾವಣೆಗಳ ಹುಡುಗರು ಅದನ್ನು ಬರಿಗಾಲಿನಲ್ಲಿಯೇ ಕಲಿತು ತಮ್ಮದಾಗಿಸಿಕೊಂಡರು. 1934ರಲ್ಲಿ ಕಲಕತ್ತೆಯ ಲೀಗನ್ನು ಗೆದ್ದ ಪ್ರಥಮ ಭಾರತೀಯ ತಂಡವೆಂಬ ಕೀರ್ತಿಗೆ ಪಾತ್ರವಾಗಿ, ಮುಂದೆ 1938ರವರೆಗೆ ಸತತವಾಗಿ ಐದು ವರ್ಷ ಅದನ್ನು ಬಿಟ್ಟುಕೊಡದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್, ದೂರದ ಊರುಗಳಿಂದ ಆಟಗಾರರನ್ನು ಅರಸಿ ತಂದಿತು. ಆ ಊರುಗಳಲ್ಲಿ ಬೆಂಗಳೂರೂ ಒಂದು. ಇತ್ತ ಊರಿನಲ್ಲಿಯೇ ಉಳಿದವರ ಬಲವೂ ಸಾಮಾನ್ಯವಾಗಿರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದೇ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿದ್ದ ಆ ಪ್ರಶಸ್ತಿ ಭಾರತೀಯರ ಕೈಸೇರಿದ್ದು ಅದೇ ಮೊದಲು. ಮರುವರ್ಷವೂ ಗೆದ್ದ ಈ ತಂಡ, 1948ರಲ್ಲಿ ಕಲಕತ್ತೆಯ ಮೋಹನ್ ಬಗಾನನ್ನು ಸೋಲಿಸಿ ಮತ್ತೊಮ್ಮೆ ಗೆದ್ದಿತು. 1946-47ರ ಸಂತೋಷ್ ಟ್ರೋಫಿಯಲ್ಲಿ ಮೈಸೂರು ರಾಜ್ಯದ ತಂಡ ಬಂಗಾಳವನ್ನು ಮಣಿಸಿದುದೂ ಈ ಕಾಲದ ಮಾತೇ.

ಹೀಗಿದ್ದೂ ಆಟಗಾರರು ಹೊರಟುಹೋದರು. ಕಾರಣ ಸರಳವಾದುದು. ಬೆಂಗಳೂರಿನಲ್ಲಿ ಆಟವಿತ್ತು, ಅಭಿಮಾನವಿತ್ತು, ಅನ್ನವಿರಲಿಲ್ಲ. ಕಲಕತ್ತೆಯಲ್ಲಿಯೂ ಆಟಗಾರನು ಹೆಸರಿಗೆ ಹವ್ಯಾಸಿಯೇ. ಆದರೆ ದೊಡ್ಡ ಕ್ಲಬ್ಬಿನ ಬೆನ್ನಿದ್ದವನಿಗೆ ಅಲ್ಲಿ ಉದ್ಯೋಗವೂ ವಸತಿಯೂ ಒದಗುತ್ತಿದ್ದವು, ಹತ್ತಾರು ಸಾವಿರ ಕಣ್ಣುಗಳು ಅವನನ್ನು ನೋಡುತ್ತಿದ್ದವು.

1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಬರಿಗಾಲಿನಲ್ಲಿ ಆಡಿದವರಲ್ಲೊಬ್ಬರು. ಭಾರತವು 2-1ರಿಂದ ಸೋತ ಆ ಪಂದ್ಯದಲ್ಲಿ ನಮ್ಮ ದೇಶದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಮತ್ತೊಬ್ಬ ಆಟಗಾರ ಸಾರಂಗಪಾಣಿ ರಾಮನ್. ಇಬ್ಬರೂ ಕಲಕತ್ತೆಗೆ ಹೋದರು. ಆದರೆ ರಾಮನ್ ಮೋಹನ್ ಬಗಾನಿನ ಪಾಲಾದರೆ, ಅಹ್ಮದ್ 1949ರಲ್ಲಿ ಅದರ ಆಜನ್ಮ ಪ್ರತಿಸ್ಪರ್ಧಿಯಾದ ಈಸ್ಟ್ ಬೆಂಗಾಲನ್ನು ಸೇರಿದರು. ಹೀಗೆ ಒಂದೇ ಊರಿನ ಅಭಿಮಾನವು ಪರರ ಮೈದಾನದಲ್ಲಿ ಇಬ್ಭಾಗವಾಯಿತು.

ಈಸ್ಟ್ ಬೆಂಗಾಲಿನ ಸಂಗತಿಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. 1920ರಲ್ಲಿ ಪೂರ್ವ ಬಂಗಾಳದವರ ಆತ್ಮಗೌರವಕ್ಕಾಗಿ ಸ್ಥಾಪಿತವಾದ ಈ ಕ್ಲಬ್ಬು, ದೇಶವಿಭಜನೆಯ ತರುವಾಯ ಮನೆಮಠಗಳನ್ನು ಕಳೆದುಕೊಂಡು ಕಲಕತ್ತೆಗೆ ಬಂದ ಲಕ್ಷಾಂತರ ನಿರಾಶ್ರಿತರಿಗೆ ಕಳೆದುಹೋದ ನಾಡಿನ ಏಕೈಕ ಜೀವಂತ ಚಿಹ್ನೆಯಂತಾಯಿತು. ಆದರೆ ಆ ನೊಂದ ಜನರ ಮಾನವನ್ನು ಕಾಯ್ದ ಮುಂಪಂಕ್ತಿಯ ಐವರಲ್ಲಿ, ಅಂದರೆ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಎಂಬವರಲ್ಲಿ, ಒಬ್ಬನೂ ಬಂಗಾಳಿಯಲ್ಲ, ಎಲ್ಲರೂ ದಕ್ಷಿಣದವರು. ಕಲಕತ್ತೆಯ ಜನ ಅವರನ್ನು ಪಂಚಪಾಂಡವರೆಂದು ಕರೆದರು. 1949ರಿಂದ 1951ರವರೆಗೆ ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡನ್ನು ಅವರು ಗೆದ್ದುಕೊಟ್ಟರು. ಹೊರಗಿನಿಂದ ಬಂದವನು ನಮ್ಮ ಹುಡುಗರ ಸ್ಥಾನವನ್ನು ಕಸಿದನೇ ಅಥವಾ ನಮ್ಮ ಹೆಸರನ್ನು ಉಳಿಸಿದನೇ ಎಂಬ ಪ್ರಶ್ನೆಗೆ ಇದಕ್ಕಿಂತ ಸಮರ್ಪಕವಾದ ಉತ್ತರ ಭಾರತದ ಕ್ರೀಡಾಚರಿತ್ರೆಯಲ್ಲಿ ದೊರೆಯದೆಂದು ನಾನು ನಂಬಿದ್ದೇನೆ.

ಆದರೂ ಪ್ರಶ್ನೆ ಸಾಯಲಿಲ್ಲ. ಕಲಕತ್ತೆಯಲ್ಲಿ ವರ್ಷಕ್ಕೊಮ್ಮೆ ಬರುತ್ತಿದ್ದ, ಆಟಗಾರರು ತಂಡ ಬದಲಿಸುವ 'ದಲ್‌ಬದಲ್' ಋತುವಿನಲ್ಲಿ, ಎದುರಾಳಿಗಳು ಹಾರಿಸಿಕೊಂಡು ಹೋದಾರೆಂಬ ಭಯದಿಂದ ಕ್ಲಬ್ಬಿನವರು ಆಟಗಾರರನ್ನು ಗುಪ್ತಸ್ಥಳಗಳಲ್ಲಿ ಬಚ್ಚಿಡುತ್ತಿದ್ದ ಕಾಲವೊಂದಿತ್ತು. ಸುಭಾಷ್ ಭೌಮಿಕ್ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ಕ್ಲಬ್ಬುಗಳ ನಡುವೆ ಒಂದಕ್ಕಿಂತ ಹೆಚ್ಚು ಬಾರಿ ದಾಟಿದರು. ಕೃಶಾನು ಡೇ, ವಿಕಾಶ್ ಪಾಂಜಿ ಜೋಡಿ 1985ರಲ್ಲಿ ಮೋಹನ್ ಬಗಾನಿನಿಂದ ಈಸ್ಟ್ ಬೆಂಗಾಲಿಗೆ ಹೋಯಿತು. ಪರದೇಶೀಯನನ್ನು ಆಡಿಸದೆ ಬಹುಕಾಲ ನಿಷ್ಠೆಯಿಂದಿದ್ದ ಮೋಹನ್ ಬಗಾನ್ 1991ರಲ್ಲಿ ನೈಜೀರಿಯದ ಚೀಮಾ ಒಕೋರಿಯನ್ನು ಕರೆತಂದಿತು. ಅವರಾದರೋ ಅದಕ್ಕೆ ಮುನ್ನ ಈಸ್ಟ್ ಬೆಂಗಾಲಿನ ಅಂಗಿಯಲ್ಲಿ ಮೆರೆದಿದ್ದವರು. ಕುಲಧರ್ಮದಂತೆ ಪಾಲಿಸಿದ ಪದ್ಧತಿಯನ್ನು ಮುರಿದು ವೈರಿಯ ವೀರನನ್ನೇ ಮನೆಯೊಳಕ್ಕೆ ಬರಮಾಡಿಕೊಂಡ ಆ ಗಳಿಗೆಯಲ್ಲಿ, ಗೆಲುವು ದೊಡ್ಡದೋ ಪರಂಪರೆ ದೊಡ್ಡದೋ ಎಂಬ ತರ್ಕಕ್ಕೆ ಅಭಿಮಾನಿಯ ಮನಸ್ಸೇ ಕಣವಾಯಿತು.

ಬೆಂಗಳೂರಿನ ಹಾದಿಯೂ ನಿಲ್ಲಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಗಳಿಸಿದ ತಂಡದ ಎಂ. ಕೆಂಪಯ್ಯ, 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ, ಇಬ್ಬರೂ ಮೋಹನ್ ಬಗಾನಿನ ಹಾದಿ ಹಿಡಿದರು. ಬಳಿಕ ಬಂದವರು ಕಾರ್ಲ್ಟನ್ ಚಾಪ್ಮನ್. 1993ರಲ್ಲಿ ಈಸ್ಟ್ ಬೆಂಗಾಲಿಗೆ ಹೋಗಿ, ಇರಾಕಿನ ಅಲ್ ಜವ್ರಾ ತಂಡದ ಮೇಲೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದು ಆ ಜನರ ಕಣ್ಮಣಿಯಾದ ಅವರು, 1995ರಲ್ಲಿ ಆ ಕ್ಲಬ್ಬನ್ನು ಬಿಟ್ಟು ಪಂಜಾಬಿನ ಫಗ್ವಾರದ ಜೆ.ಸಿ.ಟಿ. ತಂಡವನ್ನು ಸೇರಿದರು. ಜೆ.ಸಿ.ಟಿ.ಯೆಂದರೆ ಬಟ್ಟೆಯ ಗಿರಣಿ. ಆ ಗಿರಣಿಯ ತಂಡವೇ 1996-97ರಲ್ಲಿ ನಡೆದ ಪ್ರಥಮ ರಾಷ್ಟ್ರೀಯ ಲೀಗನ್ನು ಗೆದ್ದಿತು. ಅನಂತರ ಎಫ್.ಸಿ. ಕೊಚ್ಚಿನ್ ಮೂಲಕ 1998ರಲ್ಲಿ ಈಸ್ಟ್ ಬೆಂಗಾಲಿಗೆ ಹಿಂದಿರುಗಿದ ಚಾಪ್ಮನ್, 2000-01ರಲ್ಲಿ ನಾಯಕನಾಗಿ ಆ ಕ್ಲಬ್ಬಿಗೆ ಅದರ ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿಯನ್ನು ತಂದಿತ್ತರು. ತೊರೆದುಹೋದವನೆಂದು ಬಾಗಿಲು ಮುಚ್ಚಿದ್ದರೆ ಆ ಪ್ರಶಸ್ತಿ ಯಾರ ಕೈಸೇರುತ್ತಿತ್ತೋ! 2020ರ ಅಕ್ಟೋಬರಿನಲ್ಲಿ, ಐವತ್ತು ತುಂಬುವ ಮುನ್ನವೇ, ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಆಟಗಾರನ ಮೇಲಣ ಈ ಕೋಪವು ನಿಜವಾಗಿ ಪ್ರೀತಿಯ ಇನ್ನೊಂದು ಮುಖವೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಅದು ನ್ಯಾಯವಾದ ಕೋಪವಲ್ಲ. ಅಭಿಮಾನಿಯು ಅವನನ್ನು ಭಕ್ತನೆಂದು ಎಣಿಸಿದ. ಅವನಾದರೋ ಕಾಲಿನ ಕಸುಬನ್ನು ನಂಬಿ ಬದುಕಿದ ಕೆಲಸಗಾರ, ಅದೂ ಮೂವತ್ತೈದರ ಹರೆಯಕ್ಕೆ ಕಸುಬೇ ಕೈಬಿಡುವಂಥ ಕೆಲಸಗಾರ. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟುವವರೆಗೆ, ನಮ್ಮ ಹುಡುಗನೊಬ್ಬ ತನ್ನ ಊರಿನಲ್ಲಿಯೇ ಇದ್ದು ದೇಶವೆಲ್ಲ ಹೆಸರಿಸುವ ಕ್ಲಬ್ಬಿಗೆ ಆಡುವ ಅವಕಾಶವೇ ವಿರಳವಾಗಿತ್ತು. ಆ ಹೊಸ ಕ್ಲಬ್ಬಿನ ನಾಯಕನಾಗಿ ಬಂದ ಸುನೀಲ್ ಛೇತ್ರಿಯೂ ಅದಕ್ಕೆ ಮುನ್ನ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಎರಡರ ಅಂಗಿಯನ್ನೂ ತೊಟ್ಟವರೇ ಆಗಿದ್ದರು.

ಅಹ್ಮದ್ ಖಾನ್ ಸುಮಾರು ಒಂದು ದಶಕ ಈಸ್ಟ್ ಬೆಂಗಾಲಿಗೆ ಆಡಿ ಬೆಂಗಳೂರಿಗೆ ಮರಳಿ, 2017ರ ಆಗಸ್ಟಿನಲ್ಲಿ ಅಲ್ಲಿಯೇ ನಿಧನರಾದರು. ಅವರ ತಲೆಮಾರಿನ ಆಟವನ್ನು ಕಣ್ಣಾರೆ ಕಂಡ ಹಿರಿಯರು ಹಲಸೂರಿನಲ್ಲಿಯೋ ಶಿವಾಜಿನಗರದಲ್ಲಿಯೋ, ಸಿಂಗಾನಲ್ಲೂರಿನಂಥ ಊರುಗಳಿಗೆ ಕೆಲಸವನ್ನರಸಿ ವಲಸೆ ಬಂದವರ ಕನ್ನಡ ಮನೆಗಳಲ್ಲಿಯೋ ಇನ್ನೂ ಇದ್ದರೆ, ಅವರು ಯಾರ ಪಕ್ಷ ವಹಿಸಿ ಜಗಳವಾಡಿದರು, ಏಕೆ ಆಡಿದರು ಎಂಬುದನ್ನು ಕೇಳಿ ಬರೆದಿಡಬೇಕೆಂದು ಓದುಗರಲ್ಲಿ ನನ್ನ ಬಿನ್ನಹ; ಪಂದ್ಯಗಳ ಫಲಿತಾಂಶ ಗ್ರಂಥಗಳಲ್ಲಿ ಸಿಕ್ಕೀತು, ಈ ಜಗಳಗಳ ವೃತ್ತಾಂತ ಅವರ ಬಾಯಲ್ಲಲ್ಲದೆ ಬೇರೆಲ್ಲಿಯೂ ಸಿಗಲಾರದು.