ಗುಜರಿಗೆ ಹಾಕೋ ಮುಂಚೆ: ನಮ್ಮ ಹಳೇ ಮನೆಯ ಕಬ್ಬಿಣದ ಲೆಕ್ಕ

ಮಳೆ ಹಿಡಿಯೋದ್ರೊಳಗೆ ಹಳೇ ಮನೆಯ ಹಿಂಭಾಗ ಬಿಚ್ಚಿ ಅಡಿಕೆ ಬೇಯಿಸೋಕೆ ಶೆಡ್ ಹಾಕೋಣ ಅಂತ ಕೈ ಹಾಕಿದ್ದೆ. ಮರ ಒಂದು ಕಡೆ, ಹೆಂಚು ಒಂದು ಕಡೆ, ಕಬ್ಬಿಣ ಒಂದು ಕಡೆ ರಾಶಿ ಬಿತ್ತು. ಗುಜರಿಯವನು ಬಂದು, "ಎಲ್ಲಾ ಒಟ್ಟಿಗೇ ತೂಗಿಬಿಡೋಣ ಅಣ್ಣ" ಅಂದ. ಅವತ್ತು ತಕ್ಕಡಿ ತಂದಿರಲಿಲ್ಲ, ರಾಶಿ ಅಂಗಳದಲ್ಲೇ ಉಳೀತು. ಸಂಜೆ ಕೂತು ಒಂದೊಂದೇ ಎತ್ತಿ ನೋಡಿದೆ. ನೋಡಿದ ಮೇಲೆ ತೂಕಕ್ಕೆ ಹಾಕೋಕೆ ಮನಸ್ಸು ಬರಲಿಲ್ಲ.

ರಾಶಿಯಲ್ಲಿ ಮೂರು ಥರದ ಕಬ್ಬಿಣ ಇತ್ತು.

ಮೊದಲನೇದು ಬಾಗಿಲಿನದು. ಈ ಬಾಗಿಲಿಗೆ ಈಗಿನ ಥರ ಹಿಂಜಸ್ ಇಲ್ಲ. ಮರದ ಗೂಟವೇ ಕುಳಿಯೊಳಗೆ ತಿರುಗುತ್ತೆ, ಅದು ಸೀಳದ ಹಾಗೆ ಒಂದು ಕಬ್ಬಿಣದ ಬಳೆ ಹಾಕಿದ್ದಾರೆ. ಚಿಲಕದ ಸರಪಳಿಯಲ್ಲಿ ಒಂದು ಕೊಂಡಿ ಇದ್ದಂಗೆ ಇನ್ನೊಂದಿಲ್ಲ. ಮೊಳೆಗಳು ಬೆರಳಲ್ಲಿ ಉರುಳಲ್ಲ, ನಾಲ್ಕು ಮೂಲೆ ಇದ್ದು ತುದಿಗೆ ಹೋಗ್ತಾ ಸಣ್ಣ ಆಗಿವೆ. ಎಲ್ಲಾ ಕೈಯಲ್ಲಿ ಬಡಿದಿದ್ದು.

ಎರಡನೇದು ನಡುಮನೆಯ ತೊಲೆ. ಸುಣ್ಣ ಕೆರೆದಾಗ ಉಬ್ಬಿದ ಇಂಗ್ಲಿಷ್ ಅಕ್ಷರ ಕಾಣಿಸಿತು: ಡಾರ್ಮನ್ ಲಾಂಗ್, ಮಿಡಲ್ಸ್‌ಬರೋ, ಇಂಗ್ಲೆಂಡ್. 1875ರಲ್ಲಿ ಶುರುವಾದ ಕಂಪನಿ ಅದು. ಆಸ್ಟ್ರೇಲಿಯಾದ ಸಿಡ್ನಿ ಬಂದರಿನ ದೊಡ್ಡ ಸೇತುವೆ ಕಟ್ಟಿದ್ದೂ ಅವರೇ, 1932ರಲ್ಲಿ. ಇಷ್ಟು ಭಾರದ ತೊಲೆ ತರೀಕೆರೆ ಕಡೆ ಬರಬೇಕಾದ್ರೆ ರೈಲೇ ಬೇಕು. ಬೀರೂರು–ಶಿವಮೊಗ್ಗ ರೈಲು ಬಂದಿದ್ದು 1899ರಲ್ಲಿ. ಹಂಗಾಗಿ ತೊಲೆ ಏರಿದ್ದು ಅದಾದ ಮೇಲೆ ಅಂತ ನನ್ನ ಲೆಕ್ಕ. ನಮ್ಮ ಕ್ರಯಪತ್ರದ ಪ್ರಕಾರ ಮುತ್ತಜ್ಜ ಈ ಮನೆ ಕೊಂಡಿದ್ದು ಒಬ್ಬ ಶಾನುಭೋಗರ ಕೈಯಿಂದ. ಇಂಗ್ಲೆಂಡಿನ ತೊಲೆ ಹಾಕಿಸೋ ತಾಕತ್ತು ಆಗ ಅವರಿಗೇ ಇದ್ದಿರಬೇಕು.

ಮೂರನೇದು ಕಿಟಕಿ ಸರಳು. ಎಲ್ಲಾ ಒಂದೇ ದಪ್ಪ, ನುಣುಪು, ಮಿಷನ್ನಿನದು. ಅದನ್ನ ಹಾಕಿಸಿದ್ದು ನಮ್ಮಜ್ಜ ಅಂತ ಅಪ್ಪ ಹೇಳ್ತಿದ್ರು.

ತೊಲೆಗೆ ಕಂಪನಿ ಹೆಸರಿದೆ, ಮನೆಗೆ ಕ್ರಯಪತ್ರದಲ್ಲಿ ಹೆಸರಿದೆ. ಆ ಸರಪಳಿ ಬಡಿದವನು ಯಾರು? ಪಹಣಿ, ಋಣಭಾರ ಪತ್ರ, ಪಂಚಾಯ್ತಿ ಕಂದಾಯದ ಪುಸ್ತಕ ಎಲ್ಲಾ ತಿರುವಿದೆ. ಅಲ್ಲಿರೋದು ಹಕ್ಕುದಾರರ ಹೆಸರು, ಕಂದಾಯ ಕಟ್ಟಿದವರ ಹೆಸರು. ದುಡಿದವರದ್ದು ಇಲ್ಲ.

ಉತ್ತರ ಸಿಕ್ಕಿದ್ದು ಪಕ್ಕದ ಮನೆ ಅಜ್ಜಿ ಹತ್ರ. "ನೀನು ಬಿಚ್ಚಿದ್ದು ಕೊಟ್ಟಿಗೆ ಅಲ್ಲ ಕಣೋ, ಕಮ್ಮಾರರು ಇದ್ದ ಮನೆ. ನಿಮ್ಮನೆಯವರು ಬಟ್ಟೆ ಒಗೆಯೋ ಕಲ್ಲು ಇದ್ಯಲ್ಲ, ಅದು ಅವರ ಅಡಿಗಲ್ಲು" ಅಂದ್ರು.

ನಮ್ಮ ಸೀಮೆಗೆ ಕಬ್ಬಿಣ ಹೊಸದಲ್ಲ. ಬಾಬಾಬುಡನ್‌ಗಿರಿ ಸಾಲಿನಲ್ಲೇ ಅದಿರಿದೆ. ಉಳುವಾಗ ಕರ್ರಗೆ, ತೂತು ತೂತಾಗಿ, ಕೈಗೆ ಭಾರ ಅನ್ನಿಸೋ ಉಂಡೆ ಸಿಕ್ಕರೆ ಅದು ಕಿಟ್ಟ ಇರಬಹುದು, ಅಂದ್ರೆ ಅದಿರು ಕರಗಿಸಿದಾಗ ಉಳಿದ ಕಸ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್, ಇಲ್ಲಿಯ ಜನ ಮಣ್ಣಿನ ಕುಲುಮೆ, ತಿದಿ, ಇದ್ದಲು ಇಟ್ಕೊಂಡು ಕಬ್ಬಿಣ ತೆಗೀತಿದ್ದನ್ನ ಬರೆದಿಟ್ಟಿದ್ದಾನೆ. ಆಮೇಲೆ ಸೀಮೆ ಕಬ್ಬಿಣ ಅಗ್ಗಕ್ಕೆ ಬಂತು, ಕಾಡಿಗೆ ಕಾನೂನು ಬಂದು ಇದ್ದಲು ಸುಡೋದು ಕಷ್ಟ ಆಯ್ತು. ಕರಗಿಸೋ ಕುಲುಮೆ ಆರಿಹೋಯ್ತು. ಬಡಿಯೋ ಕುಲುಮೆ ಮಾತ್ರ ಊರೂರಲ್ಲಿ ಉಳೀತು. 1923ರಲ್ಲಿ ಭದ್ರಾವತಿ ಕಾರ್ಖಾನೆ ಉರಿ ಹತ್ತಿದಾಗ ಅದಿರು ಹೋಗಿದ್ದು ನಮ್ಮ ಕೆಮ್ಮಣ್ಣುಗುಂಡಿಯಿಂದ, ಮೊದಮೊದಲು ಉರಿದಿದ್ದೂ ಅದೇ ಕಾಡಿನ ಇದ್ದಲು.

ಊರಿನ ಕಮ್ಮಾರ ಆಯಗಾರ. ವರ್ಷವಿಡೀ ಕುಳ, ಕುಡುಗೋಲು, ಗುದ್ದಲಿ ಮಾಡಿಕೊಟ್ಟು ಹಣಿದುಕೊಡಬೇಕು. ಕೂಲಿ ದುಡ್ಡಲ್ಲಲ್ಲ, ಸುಗ್ಗೀಲಿ ಕಣದಲ್ಲಿ ಅಳೆಯೋ ಕಾಳು. ಭದ್ರಾ ನಾಲೆ ಬಂತು, ಅಂಗಡಿ ನೇಗಿಲು ಬಂತು, ಟ್ರ್ಯಾಕ್ಟರ್ ಬಂತು. ಒಂದು ಸುಗ್ಗೀಲಿ ನಮ್ಮಜ್ಜ, "ಈ ವರ್ಷ ನಿನ್ನ ಕೆಲಸ ಏನಿತ್ತು?" ಅಂತ ಕೇಳಿ ಆಯ ಅಳೀಲಿಲ್ಲವಂತೆ. ಅಜ್ಜಿ ಇದನ್ನ ನನ್ನ ಮುಖ ನೋಡದೆ ಹೇಳಿದ್ರು. ಆ ಮಳೆಗಾಲಕ್ಕೆ ಮುಂಚೆ ಸಂಸಾರ ಗಾಡಿ ಕಟ್ಟಿಕೊಂಡು ಭದ್ರಾವತಿಗೆ ಹೋಯ್ತು. ನಮ್ಮ ಮನೇಲಿ ನಾನು ಕೇಳಿ ಬೆಳೆದಿದ್ದು ಬೇರೆ ಥರ: "ಕಾರ್ಖಾನೆ ಸಂಬಳದ ಆಸೆಗೆ ಹೋದ್ರು."

ಅವರ ಮೊಮ್ಮಗನ್ನ ಹುಡುಕಿ ಕರೆಸಿದೆ. ನನ್ನ ವಯಸ್ಸಿನವರೇ. ಸರಪಳಿ ಕೈಗೆ ತಗೊಂಡು ಕೊಂಡಿ ಕೊಂಡಿ ಮುಟ್ಟಿ ನೋಡಿದ್ರು. ಆಯದ ವಿಷಯ ನಾನೇ ಬಾಯಿಬಿಟ್ಟೆ. "ನಮ್ಮಪ್ಪ ಹೇಳ್ತಿದ್ರು" ಅಂದ್ರು, ಅಷ್ಟೇ. ಅಡಿಗಲ್ಲು ತೊಳೆದು ಅವರ ಗಾಡಿಗೆ ಏರಿಸಿದೆ. ಒಂದು ಮೂಟೆ ಭತ್ತ ಇಟ್ಟೆ. ಬೇಡ ಅನ್ನಲಿಲ್ಲ. ಅದರಿಂದ ಲೆಕ್ಕ ಚುಕ್ತಾ ಆಯ್ತು ಅಂತ ನಾನು ಅಂದ್ಕೊಂಡಿಲ್ಲ.

ಶೆಡ್ ಈಗ ಹತ್ತು ಅಡಿ ಆಚೆ ಏಳ್ತಾ ಇದೆ. ಹಳೇ ಬಾಗಿಲು ಸರಪಳಿ ಸಮೇತ ಅದಕ್ಕೇ ಕೂರಿಸ್ತೀನಿ.

ನೀವೂ ಹಳೇ ಮನೆ ಬಿಚ್ಚೋದಿದ್ರೆ ಇಷ್ಟು ಮಾಡಿ. ತೊಲೆಯ ಸುಣ್ಣ ಕೆರೆದು ಅಕ್ಷರ ಇದ್ಯಾ ನೋಡಿ. ಹೆಂಚು ಮಗುಚಿ ಕಾರ್ಖಾನೆ ಹೆಸರು ಓದಿ. ನಾಲ್ಕು ಮೂಲೆಯ ಮೊಳೆ ಸಿಕ್ಕರೆ ಬೇರೆ ಎತ್ತಿಡಿ. ಕಾಗದ ಪತ್ರ ಆಮೇಲೆ ನೋಡಿದ್ರೂ ನಡೆಯುತ್ತೆ. ಪಕ್ಕದ ಮನೆ ಅಜ್ಜೀನ ಮಾತ್ರ ಮೊದಲು ಕೇಳಿ, ಮುಂದಿನ ಸುಗ್ಗಿವರೆಗೂ ಕಾಯಬೇಡಿ.